ಸೋಸದ ನೀರು

‘ಕುಡಿಯಲು ಯೋಗ್ಯ’ ಎಂಬ ಎರಡು ಪದಗಳನ್ನು ಯಾವ ಸರ್ಕಾರಿ ಕಾಗದದ ಮೇಲೆ ಕಂಡರೂ ನನಗೆ ಇವತ್ತಿಗೂ ಮೈ ಉರಿಯುತ್ತದೆ. ವಯಸ್ಸಾಯಿತು, ಇನ್ನಾದರೂ ಬಿಡು ಅನ್ನುತ್ತಾರೆ ಮನೆಯವರು. ಬಿಡುವುದಿಲ್ಲ.

ನಮ್ಮದು ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ನಡುವಿನ ಒಂದು ಊರು. ಎಲ್ಲಿ ಬೋರ್‌ವೆಲ್ ಕೊರೆದರೂ ಸವಳು ನೀರು. ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಕೊಡುವುದಿಲ್ಲ. ಕುಡಿಯಲು ಇದ್ದದ್ದು ಕೆರೆಯೊಂದೇ. ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಇಳಿಯಬೇಕು, ಕೊಡದ ಬಾಯಿಗೆ ಬಟ್ಟೆ ಹಾಕಿ ಸೋಸಿ ತುಂಬಬೇಕು. ಇದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಿಲ್ಲ. ಬಂದವರಿಗೆ ಸೋಸದ ನೀರು ಕೊಟ್ಟ ಮನೆಗೆ ಹೆಣ್ಣು ಕೊಡಲಿಕ್ಕೂ ಜನ ಹಿಂದೆ ಮುಂದೆ ನೋಡುತ್ತಿದ್ದರು.

ಗದಗ ಹೊಸ ಜಿಲ್ಲೆಯಾದ ಮೇಲೆ ಊರಿಗೆ ಸಿಮೆಂಟಿನ ಗಟಾರ ಬಂತು. ಬರಲಿ, ಬೇಡ ಅಂದವರು ಯಾರು? ಆದರೆ ಅದರ ಬಾಯಿಯನ್ನು ತಂದು ಬಿಟ್ಟದ್ದು ಕೆರೆಯ ಮೂಲೆಗೆ. ಹಳ್ಳದ ಕಡೆಗೂ ಇಳಿಜಾರಿತ್ತು. ಆ ದಾರಿಯಲ್ಲಿ ಪಂಚಾಯ್ತಿ ಅಧ್ಯಕ್ಷನ ಹೊಲವೂ ಇತ್ತು. ಇಷ್ಟೇ ಕಾರಣ. ಒಬ್ಬನ ಬದುವಿನ ಗುಂಟ ಗಟಾರ ಹೋಗಬಾರದೆಂದು ಇಡೀ ಊರು ತನ್ನ ಬಚ್ಚಲ ನೀರನ್ನು ತಾನೇ ಕುಡಿಯಬೇಕಾಯಿತು.

ಸೈಕಲ್ ಅಂಗಡಿಯ ಚಾಚಾ ಅಂಗಡಿಯ ಮುಂದೆ ಎಂಟು ಜನರನ್ನು ಕೂಡಿಸಿ ಕೆರೆ ಕಾಯುವ ಸಂಘ ಕಟ್ಟಿದರು. ಪಿಯುಸಿ ಮುಗಿಸಿ ಮನೆಯಲ್ಲಿದ್ದ ಹುಡುಗಿ ನನ್ನನ್ನು, ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ, ಕಾರ್ಯದರ್ಶಿ ಮಾಡಿದರು. ಅರ್ಜಿಯ ಮೇಲೆ ಅರ್ಜಿ ಬರೆದೆ. ಉತ್ತರ ಬರಲಿಲ್ಲ. ಗಟಾರದ ಬಾಯಿಗೆ ಉಸುಕಿನ ಚೀಲ ಒಟ್ಟಿದೆವು; ಮರುದಿನ ಪಂಚಾಯ್ತಿಯ ಆಳುಗಳು ಕಿತ್ತೆಸೆದರು.

ಅಷ್ಟರಲ್ಲಿ ಅಣ್ಣನ ಮೂರು ವರ್ಷದ ಮಗಳಿಗೆ ಕಾಮಾಲೆಯಾಯಿತು. ಕಣ್ಣು ಹಳದಿ, ಉಂಡದ್ದೆಲ್ಲ ವಾಂತಿ. ಅಳಲಿಕ್ಕೂ ಶಕ್ತಿಯಿಲ್ಲದೆ ವೈನಿಯ ಹೆಗಲ ಮೇಲೆ ಬಿದ್ದಿರುತ್ತಿತ್ತು ಕೂಸು. ನೀರೇ ಕಾರಣ, ಕಾಸಿ ಕುಡಿಸಿರಿ ಎಂದರು ಶಿರಹಟ್ಟಿಯ ಡಾಕ್ಟರು. ಅವ್ವ ದಿನಾ ಕೆರೆಯ ನಡುವಿನ ನೀರು ತಂದು, ಸೋಸಿ, ಕುದಿಸಿ, ಆರಿಸಿ ಬೇರೆ ಪಾತ್ರೆಯಲ್ಲಿ ಮುಚ್ಚಿಡತೊಡಗಿದಳು. ಒಲೆಯ ಮುಂದೆ ಕೂತ ಅವಳನ್ನು ನೋಡಿದಾಗೆಲ್ಲ ನನಗೆ ಅಧ್ಯಕ್ಷನ ಕೊರಳಪಟ್ಟಿ ಹಿಡಿಯಬೇಕೆನ್ನಿಸುತ್ತಿತ್ತು.

ಮೊದಲಾಗಿದ್ದರೆ ಧಾರವಾಡಕ್ಕೆ ಅಲೆಯಬೇಕಿತ್ತು. ಈಗ ಜಿಲ್ಲೆ ನಮ್ಮದೇ ಎಂಬ ಹುಮ್ಮಸ್ಸಿನಲ್ಲಿ ಚಾಚಾ ಮತ್ತು ನಾನು ಗದಗಿನ ಕಚೇರಿಗೆ ಹೋದೆವು. ನೀರು ಪರೀಕ್ಷೆ ಮಾಡುವಾತ ಒಂದು ಮುಚ್ಚಿದ ಬಾಟಲಿ ಕೊಟ್ಟ.

“ಬಾಯಿಮಾತಿಲೆ ಆಗೂದಿಲ್ಲರಿ. ಮುಂಜಾನೆ ಕೆರಿಯಾಗ ಇದನ್ನ ನೇರ ತುಂಬ್ರಿ, ಅವತ್ತ ತಂದು ಕೊಡ್ರಿ. ನೀರು ಕೆಟ್ಟೈತಿ ಅಂತ ಬಂತಂದ್ರ ಗಟಾರ ಹಳ್ಳದ ಕಡೆ ಹೊಳ್ಳಸಾಕ ಇಲ್ಲಿಂದನ ಬರೀತಾರ.”

ಮರುದಿನ ಬೆಳಕು ಹರಿಯುತ್ತಲೇ ಗಟಾರದ ಬಾಯಿಯ ಹತ್ತಿರ ಇಳಿದು ತುಂಬಿದೆ. ಹಸಿರು ನೀರು, ಅದರೊಳಗೆ ಹುಳ. ಬಾಟಲಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಅವ್ವ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಚೀಲದೊಳಗೆ ಇಟ್ಟಿದ್ದಳು. ಬಸ್ಸಿಗೆ ಓಡಿದೆ.

ಗದಗಿನಲ್ಲಿ ಆತ ಬಟ್ಟೆ ಬಿಚ್ಚಿ, “ನೀರು ತಿಳಿ ಅದಾವಲ್ರಿ?” ಎಂದ. ಕೆಸರು ತಳಕ್ಕೆ ಕುಳಿತಿರಬೇಕು ಎಂದುಕೊಂಡೆ ನಾನು. ಬಗ್ಗಿ ನೋಡಲಿಲ್ಲ. ದೊಡ್ಡ ಕಾರ್ಯದರ್ಶಿ!

ಹದಿನೈದು ದಿನಕ್ಕೆ ಪಂಚಾಯ್ತಿಗೆ ಕಾಗದ ಬಂತು: ಕುಡಿಯಲು ಯೋಗ್ಯ. ಅಧ್ಯಕ್ಷ ಅದನ್ನು ಕೆರೆಯ ಮೆಟ್ಟಿಲ ಕಲ್ಲಿಗೆ ಅಂಟಿಸಿದ. ಊರಿಗೆ ಕೆಟ್ಟ ಹೆಸರು ತಂದದ್ದು ತಪ್ಪಾಯಿತೆಂದು ಸೋಮವಾರದ ಸಭೆಯಲ್ಲಿ ಸಂಘದವರು ಬರೆದುಕೊಡಬೇಕು, ಸಂಘ ಮುಚ್ಚಬೇಕು ಎಂದು ಡಂಗುರ ಹೊಡೆಸಿದ. ನಾನು ಮೊದಲ ಬಸ್ಸು ಹಿಡಿದು ಗದಗಿಗೆ ಹೋಗಿ, ನೀರು ಪರೀಕ್ಷೆಯ ಆ ಬಡಪಾಯಿಯ ಮೇಜು ಗುದ್ದಿ ಒದರಾಡಿದೆ.

“ಯಾರ ಮಾತು ಕೇಳಿ ಬರದೀರಿ ಇದನ್ನ? ನಿಮ್ಮನಿ ಕೂಸಿಗೆ ಕುಡಸ್ತೀರೇನು ಆ ನೀರು?”

“ನೀವು ತಂದ ನೀರನ್ನ ನೋಡೇನ್ರಿ,” ಎಂದ ಆತ. ಅಷ್ಟೇ. ಅದೂ ನನಗೆ ಸೊಕ್ಕಿನ ಮಾತೆನಿಸಿತು.

ಮನೆಗೆ ಬಂದು ಉಣ್ಣಲೂ ಕೂರದೆ ಕಚೇರಿಯವರ ಏಳು ತಲೆಮಾರನ್ನು ಜಾಲಾಡುತ್ತಿದ್ದೆ. ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು.

“ಅವ್ರನ್ಯಾಕ ಬೈತಿ? ಆ ಬಾಟ್ಲಿ ನೀರು ನಾನ ಚೆಲ್ಲೇನಿ.”

“ಚೆಲ್ಲಿ?”

“ಕೂಸಿಗೆ ಕಾಸಿಟ್ಟಿದ್ನಲ್ಲ, ಅದನ್ನ ತುಂಬೇನಿ. ಜಿಲ್ಲಾದ ಸಾಹೇಬ್ರು ನಮ್ಮೂರ ನೀರು ನೋಡತಾರಂದ್ರ ಹುಳಾ ಇದ್ದ ನೀರು ಕಳಸೂದೇನ? ನಮ್ಮನ್ನ ಏನಂತಾರವ್ವಾ ಅವ್ರು?”

ಆ ದಿನ ಅವ್ವನಿಗೆ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ನೀನೇ ನಿನ್ನ ಮೊಮ್ಮಗಳ ಬಾಯಿಗೆ ಗಟಾರ ಬಿಟ್ಟೆ ಅಂದದ್ದು ಅದರಲ್ಲಿ ಕಡಿಮೆ ಕೆಟ್ಟದ್ದು. ಅವಳು ಮತ್ತೆ ರೊಟ್ಟಿ ಬಡಿಯತೊಡಗಿದಳು. ನನಗೆ ಬಾಟಲಿಯ ಲೆಕ್ಕಾಚಾರ ತಿಳಿದಿತ್ತು, ಅವಳಿಗೆ ತಿಳಿಸಿ ಹೇಳಿರಲಿಲ್ಲ; ಆ ಸಿಟ್ಟನ್ನೂ ಅವಳ ಮೇಲೆಯೇ ಸುರಿದೆ.

ಚಾಚಾಗೆ ಹೇಳಿದಾಗ ಅವರು ಕೈಯಲ್ಲಿದ್ದ ಪಂಕ್ಚರ್ ತಿದ್ದಿ ಮುಗಿಸಿದರು. ಆಮೇಲೆ, “ಖರೆ ಹೇಳಿದ್ರ ನಿಮ್ಮವ್ವನ್ನ ಊರ ಮುಂದ ಕಳ್ಳಿ ಮಾಡತಾರ. ಸಹಿ ಮಾಡೂಣು ಬೇಟಾ,” ಎಂದರು.

ಸೋಮವಾರ ಪಂಚಾಯ್ತಿ ಕಟ್ಟೆಯ ಮುಂದೆ ಊರೇ ನೆರೆದಿತ್ತು. ಅಧ್ಯಕ್ಷ ಕುರ್ಚಿಯ ಮೇಲೆ ಕೂತು, ಕಾಗದವನ್ನು ಎರಡು ಸಲ ಓದಿ, ಸಹಿಗೆ ಪೆನ್ನು ಚಾಚಿದ. ನಾನು ಕೈ ನೀಡಿದೆ. ಆಗ ಅವ್ವ ಬಂದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಬೆಳಗಿದ ತಾಮ್ರದ ತಂಬಿಗೆ. ಎಂದೂ ಪಂಚಾಯ್ತಿಯ ಕಟ್ಟೆ ಹತ್ತದವಳು ನೇರ ಹತ್ತಿ ಅವನ ಮುಂದೆ ನಿಂತಳು.

“ಓದಿ ಓದಿ ಗಂಟಲಾ ಒಣಗಿರಬೇಕು. ನೀರು ತಗೋರಿ.”

ಹಿರಿಯ ಹೆಣ್ಣುಮಗಳು ಕೊಟ್ಟ ನೀರನ್ನು ನಮ್ಮ ಕಡೆ ಯಾರೂ ಬೇಡ ಅನ್ನುವುದಿಲ್ಲ. ಅವನು ತಂಬಿಗೆ ಇಸಿದುಕೊಂಡು ಎತ್ತಿದ. ಬಾಯಿಯ ತನಕ ಬಂದದ್ದು ಅಲ್ಲೇ ನಿಂತಿತು. ಒಳಗೆ ನೋಡಿದ.

“ಎಲ್ಲೀದಿದು?”

“ಕೆರೀದು. ಗಟಾರದ ಬಾಯಾಗಿಂದು.”

“ಸೋಸಿಲ್ಲೇನ ಯಕ್ಕಾ?”

“ಇಲ್ಲರಿ,” ಎಂದಳು ಅವ್ವ, ಎಲ್ಲರಿಗೂ ಕೇಳುವಂತೆ. “ಗದಗಿಗೆ ಸೋಸಿ ಕಾಸಿ ಕಳಿಸಿದಾಕಿ ನಾನ. ಆ ತಪ್ಪು ನಂದು, ಬರ್ಕೋರಿ. ಇದನ್ನ ಮಾತ್ರ ಸೋಸಿಲ್ಲ. ಕುಡೀರಿ, ಯೋಗ್ಯ ಐತಂತಲ್ಲ.”

ಅವನು ತಂಬಿಗೆಯನ್ನು ಕೆಳಗಿಟ್ಟ. ಹೆಂಗಸರ ಗುಂಪಿನಿಂದ ಯಾರೋ, ಕುಡೀರಿ ಅಂದರು. ಆಮೇಲೆ ಎಲ್ಲರೂ ಅಂದರು. ಚಾಚಾ ಎದ್ದು ಅವನ ಕೈಯಿಂದ ಪೆನ್ನು ತೆಗೆದುಕೊಂಡು ಜೇಬಿಗಿಟ್ಟುಕೊಂಡರು.

ಎರಡನೆಯ ಬಾಟಲಿಯನ್ನು ಊರವರ ಎದುರೇ ತುಂಬಿದೆವು. ಗದಗಿನ ಆತ ಅದನ್ನು ಇಸಿದುಕೊಂಡ. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ ಚೀಟಿ ಅಂಟಿಸುತ್ತ, “ಇರ್ಲಿ ಬಿಡ್ರಿ ತಂಗಿ,” ಎಂದ. ಈ ಸಲದ ಕಾಗದ ಬೇರೆ ಇತ್ತು. ಗಟಾರ ಹಳ್ಳದ ಕಡೆ ತಿರುಗಿತು. ಕೂಸಿನ ಕಣ್ಣು ತಿಳಿಯಾಗಲು ಮತ್ತೆರಡು ತಿಂಗಳು ಹಿಡಿಯಿತು.

ಅವ್ವನ ಮೇಲಿನ ಸಿಟ್ಟು ಆ ಕಟ್ಟೆಯ ಮೇಲೆಯೇ ಇಳಿಯಿತು. ಅಧ್ಯಕ್ಷನ ಮೇಲಿನದು ಇಳಿದಿಲ್ಲ. ಅವನಿಗೆ ತಿಳಿದಿರಲಿಲ್ಲ ಪಾಪ, ಕಾಗದ ನಂಬಿದ್ದ ಎಂದು ಈಗಲೂ ಕೆಲವರು ಹೇಳುತ್ತಾರೆ. ಕಾಗದ ನಂಬಿದವನು ಸೋಸಿಲ್ಲೇನು ಎಂದು ಯಾಕೆ ಕೇಳಿದ?