ಮೂರನೇ ಬಡಿತಕ್ಕೆ ಮುಂಚೆ

ಕೊರೊನಾ ಕಳೆದು ಎರಡನೇ ವರ್ಷ. ಆಗ ನಾನು ಶಿರಸಿ ಪೇಟೆಯಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ, ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುತ್ತಿದ್ದೆ. ಬೆಳಿಗ್ಗೆ ಏಳರಿಂದ ಎಂಟೂವರೆ ಒಂದು ಬ್ಯಾಚು, ಸಂಜೆ ಇನ್ನೊಂದು. ವಾರಕ್ಕೆರಡು ದಿನ ಸಿದ್ದಾಪುರ, ಒಂದು ದಿನ ಯಲ್ಲಾಪುರ. ಹೆಸರಿನ ಮುಂದೆ ಹಾಕಿಕೊಳ್ಳಲು ನನಗೆ ಡಿಗ್ರಿ ಇಲ್ಲ. ಹುಲಗೋಳದ ಗದ್ದೆ ಕೆಲಸದ ಮನೆಯವನು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿನಲ್ಲೇ ಫೇಲಾದವನು.

ನಾನು ಇಂಗ್ಲಿಷ್ ಕಲಿತದ್ದು ಅರಬೈಲ್ ಘಟ್ಟದ ರಸ್ತೆ ಬದಿಯಲ್ಲಿ. ಅಲ್ಲಿ ಹನ್ನೊಂದು ವರ್ಷ ಜೇನುತುಪ್ಪ, ಕೋಕಂ ಮಾರುವ ಗೂಡಂಗಡಿ ಇಟ್ಟಿದ್ದೆ. ಸಮುದ್ರದ ಕಡೆ ಇಳಿಯುವ ವಿದೇಶಿಯರು ಕಾರು ನಿಲ್ಲಿಸುತ್ತಿದ್ದರು. ಅವರ ಮಾತು ಕೇಳಿ ಕೇಳಿ ಒಂದು ಸಂಗತಿ ಗೊತ್ತಾಯಿತು. ದಿನಬಳಕೆಯ ಮಾತಿನಲ್ಲಿ ಅರ್ಧಕ್ಕರ್ಧ ಹತ್ತು-ಹನ್ನೆರಡು ಅಚ್ಚುಗಳಲ್ಲೇ ಮುಗಿದುಹೋಗುತ್ತದೆ. ಐ ವಾಂಟ್ ಟು, ಐ ಹ್ಯಾವ್ ಟು, ಐ ವುಡ್ ಲೈಕ್ ಟು, ಐ ಆಮ್ ಹ್ಯಾಪಿ ಟು, ಐ ಆಮ್ ವಿಲ್ಲಿಂಗ್ ಟು. ‘ಟು’ ತನಕ ಎಲ್ಲ ಗಟ್ಟಿ, ಕದಲುವುದಿಲ್ಲ. ಅದರ ಮುಂದೆ ಒಂದು ಕ್ರಿಯಾಪದ ಇಟ್ಟರಾಯಿತು. ಅದಕ್ಕೂ ಕಾಲದ ರಗಳೆ ಇಲ್ಲ, ಗೋ ಅಂದರೆ ಗೋ, ಕಮ್ ಅಂದರೆ ಕಮ್. ಇಟ್ಟಿಗೆಯ ಅಚ್ಚಿಗೆ ಮಣ್ಣು ತುಂಬಿದ ಹಾಗೆ. ಮುಂದೆ ಈ ಹನ್ನೆರಡು ಅಚ್ಚುಗಳೇ ನನ್ನ ಸಿಲಬಸ್ ಆದವು.

ಅಚ್ಚಿನ ಜೊತೆಗೆ ಎರಡು ನಿಯಮ ಇಟ್ಟಿದ್ದೆ. ಮೊದಲನೆಯದು, ಪ್ರಶ್ನೆ ಪೂರ್ತಿ ಅರ್ಥವಾಗದಿದ್ದರೂ ಅದರ ಬಾಲ ಹಿಡಿಯುವುದು. ‘ಆರ್ ಯೂ ರೆಡಿ ಟು ಸ್ಟಾರ್ಟ್’ ಎಂದು ಕೇಳಿದರೆ ‘ಐ ಆಮ್ ರೆಡಿ ಟು ಸ್ಟಾರ್ಟ್’ ಎನ್ನುವುದು. ಎರಡನೆಯದು, ಸುಮ್ಮನಿರಕೂಡದು. ಯಾರಾದರೂ ಉತ್ತರ ಹುಡುಕುತ್ತ ನಿಂತರೆ ನಾನು ಸ್ಟೀಲ್ ಸ್ಕೇಲಿನಿಂದ ಮೇಜು ಬಡಿಯುತ್ತಿದ್ದೆ. ಟಕ್, ಟಕ್. ಮೂರನೇ ಬಡಿತದೊಳಗೆ ಬಾಯಿ ತೆರೆಯದಿದ್ದರೆ ಕ್ಲಾಸ್ ಮುಗಿಯುವವರೆಗೆ ನಿಂತೇ ಇರಬೇಕು. ಹೆದರಿಕೆ ಬಿಡಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ ಎಂದು ನಾನು ನಂಬಿದ್ದೆ. ಎರಡು ತಿಂಗಳಲ್ಲಿ ಮೂಕರೂ ಮಾತಾಡುತ್ತಿದ್ದರು.

ಸವಿತಾ ಬೆಳಗಿನ ಬ್ಯಾಚಿನವಳು. ಬನವಾಸಿ ಕಡೆಯವಳು, ವಯಸ್ಸು ಇಪ್ಪತ್ತೆಂಟೋ ಮೂವತ್ತೋ. ಶಿರಸಿಯ ಒಂದು ಲಾಡ್ಜಿನಲ್ಲಿ ರಿಸೆಪ್ಶನ್ ಕೆಲಸ. ಗಂಡ ಬಸವರಾಜ ಲಾರಿ ಡ್ರೈವರ್. ಕಲಿಕೆಯಲ್ಲಿ ಅವಳು ಚುರುಕು. ಕೊನೆಯ ಒಂದು ತಿಂಗಳಲ್ಲಿ ಒಮ್ಮೆಯೂ ಮೂರನೇ ಬಡಿತ ಕೇಳಿಸಿಕೊಂಡವಳಲ್ಲ. ಅವಳಿಗೆ ಸರ್ಟಿಫಿಕೇಟ್ ಬರೆಸಲು ಹೇಳಿಯಾಗಿತ್ತು.

ಅಂದು ಗುರುವಾರ. ಏಳೂಕಾಲಿಗೆ ಅವಳು ಮೆಟ್ಟಿಲು ಹತ್ತಿ ಬಂದಾಗ ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಎಂತ ಆಯ್ತು?” ಎಂದೆ.

“ನಮ್ಮನಿಯವ್ರದು ಆ್ಯಕ್ಸಿಡೆಂಟ್ ಆಗೇತ್ರಿ ಸರ. ತಮಿಳುನಾಡಿನ್ಯಾಗ. ಶುಂಠಿ ಲೋಡ್ ಒಯ್ದಿದ್ರು. ದವಾಖಾನಿಂದ ನರ್ಸ್ ಫೋನ್ ಮಾಡಿದ್ಲು, ಬರೇ ಇಂಗ್ಲಿಷ್. ಜೀವಕ್ಕೇನಿಲ್ಲಂತ, ಆದ್ರ ಎಚ್ಚರ ಇಲ್ಲಂತ, ಕಾಲಿಗೆ ಭಾಳ ಪೆಟ್ಟಾಗೇತಂತ. ಇನ್ನ ಅರ್ಧ ತಾಸಿಗೆ ಡಾಕ್ಟರ್ ಫೋನ್ ಮಾಡ್ತಾರಂತ. ನೀವ ಮಾತಾಡ್ರಿ ಸರ.”

ಅವಳ ಅಣ್ಣ ಆಗಲೇ ಬಾಡಿಗೆ ಕಾರು ಹುಡುಕಲು ಹೋಗಿದ್ದ. ಅಲ್ಲಿಗೆ ತಲುಪಲು ಹದಿನಾಲ್ಕು ತಾಸು ಬೇಕು.

“ಕಾಲ ಒಂದ ಉಳಿದ್ರ ಸಾಕ್ರಿ,” ಎಂದಳು. “ಡ್ರೈವಿಂಗ್ ಬಿಟ್ರ ಮತ್ತೇನೂ ಬರೂದಿಲ್ರಿ ಅವ್ರಿಗೆ.”

ನಾನು ಮಾತಾಡಬಹುದಿತ್ತು. ಆಡಲಿಲ್ಲ. ವ್ಯಾಪಾರದಲ್ಲಿ ಕಲಿತ ಒಂದು ಪಾಠ ನನಗಿತ್ತು: ಯಾರ ಸೊತ್ತೋ ಅವರೇ ಮಾತಾಡಬೇಕು, ನಡುವೆ ದಲ್ಲಾಳಿ ಬಂದರೆ ಮಾತಿನ ತೂಕ ಹೋಗುತ್ತದೆ. “ಹೆಂಡತಿ ನೀನು, ನೀನೇ ಮಾತಾಡು ತಂಗಿ. ಇಷ್ಟು ದಿನ ಕಲಿತಿದ್ದು ಯಾಕೆ? ನಾನು ಬದಿಗೇ ಕೂತಿರ್ತೆ,” ಎಂದೆ. ಇನ್ನೊಂದು ಕಾರಣವೂ ಇತ್ತು. ಎದುರಿಗೆ ಇಪ್ಪತ್ತು ಜನ ಕೂತಿದ್ದರು. ನನ್ನ ಕ್ಲಾಸಿನಲ್ಲಿ ಕಲಿತವಳು ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುವುದನ್ನು ಅವರು ನೋಡಲಿ ಎಂಬ ಆಸೆ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಏಳು ಐವತ್ತಕ್ಕೆ ಫೋನ್ ಬಂತು. ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟಳು. ಡಾಕ್ಟರು ಅವಸರದಲ್ಲಿದ್ದರೂ ಸೌಮ್ಯವಾಗಿಯೇ ಮಾತಾಡಿದರು. ಕರೆ ರೆಕಾರ್ಡ್ ಆಗುತ್ತಿದೆ, ಪಕ್ಕದಲ್ಲಿ ಇಬ್ಬರು ಸಾಕ್ಷಿಗಳಿದ್ದಾರೆ ಎಂದರು. ಹೆಸರು, ಸಂಬಂಧ ಕೇಳಿದರು. ಸವಿತಾ ಒಂದೊಂದಕ್ಕೂ ಉತ್ತರ ಕೊಟ್ಟಳು. ‘ಐ ವಾಂಟ್ ಟು ನೋ ಅಬೌಟ್ ಹಿಸ್ ಲೆಗ್’ ಎಂದು ತಾನಾಗಿ ಕೇಳಿದಳು. ಅಚ್ಚು ಸರಿಯಾಗಿ ಬಿತ್ತು. ನಾನು ತಲೆ ಆಡಿಸಿದೆ.

ಡಾಕ್ಟರು ಒಂದು ನಿಮಿಷದಷ್ಟು ಉದ್ದಕ್ಕೆ ಏನೋ ವಿವರಿಸಿದರು. ಕೊನೆಗೆ, “ಆರ್ ಯೂ ವಿಲ್ಲಿಂಗ್ ಟು ಗಿವ್ ಕನ್ಸೆಂಟ್, ಮೇಡಂ?” ಎಂದರು.

ಸವಿತಾ ಸುಮ್ಮನಾದಳು.

ನನ್ನ ಕೈಯಲ್ಲಿ ಸ್ಕೇಲಿತ್ತು. ಬಡಿಯಬೇಕೆಂದು ಬಡಿದದ್ದಲ್ಲ. ಏಳು ವರ್ಷದ ರೂಢಿ, ಕೈ ತಾನಾಗಿ ಎದ್ದಿತು. ಟಕ್. ಅವಳು ನನ್ನ ಮುಖ ನೋಡಿದಳು. ಟಕ್.

“ಐ ಆಮ್ ವಿಲ್ಲಿಂಗ್ ಟು ಗಿವ್ ಕನ್ಸೆಂಟ್,” ಎಂದಳು.

“ಥ್ಯಾಂಕ್ ಯೂ ಮೇಡಂ,” ಎಂದು ಅವರು ಫೋನ್ ಇಟ್ಟರು. ಹಿಂದಿನ ಬೆಂಚಿನಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ನಾನು “ಶಭಾಷ್” ಎಂದೆ. ಹೌದು, ಆ ಶಬ್ದ ನನ್ನ ಬಾಯಿಂದಲೇ ಬಂತು.

“ಸರ, ಅವ್ರು ಏನ್ ಕೇಳಿದ್ರು?” ಎಂದಳು.

ಆಗ ನಾನು ನೆನಪು ಮಾಡಿಕೊಂಡೆ. ಡಾಕ್ಟರ ಮಾತು ಪೂರ್ತಿ ನನ್ನ ಕಿವಿಗೆ ಬಿದ್ದಿತ್ತು. ಅದರಲ್ಲಿ ನನಗೆ ತಿಳಿಯದ ಪದ ಒಂದೂ ಇರಲಿಲ್ಲ, ಆಂಪ್ಯುಟೇಟ್ ಎಂಬುದೂ ಗೊತ್ತಿತ್ತು. ಆದರೆ ಆ ನಿಮಿಷವೆಲ್ಲ ನಾನು ಕಾಯುತ್ತಿದ್ದದ್ದು ಅವಳ ಉತ್ತರಕ್ಕೆ. ಡಾಕ್ಟರು ಹೇಳಿದ್ದನ್ನು ಈಗ ಒಂದೊಂದೇ ವಾಕ್ಯ ಕನ್ನಡ ಮಾಡಿ ಹೇಳಿದೆ. ಎರಡು ದಾರಿ ಇವೆ. ಮಂಡಿಯ ಕೆಳಗೆ ಕಾಲನ್ನು ಈಗಲೇ ಇಲ್ಲೇ ತೆಗೆಯುವುದು ಒಂದು. ಮೂರು ತಾಸು ದೂರದ ದೊಡ್ಡ ಆಸ್ಪತ್ರೆಗೆ ಕಳಿಸುವುದು ಇನ್ನೊಂದು. ಅಲ್ಲಿ ಕಾಲು ಉಳಿಸಲು ನೋಡಬಹುದು, ಆದರೆ ದಾರಿಯಲ್ಲಿ ಜೀವಕ್ಕೆ ಅಪಾಯ. ನನ್ನ ಸಲಹೆ ಮೊದಲನೆಯದು, ಅದಕ್ಕೆ ನೀವು ಒಪ್ಪಿಗೆ ಕೊಡುತ್ತೀರಾ ಎಂದು ಡಾಕ್ಟರು ಕೇಳಿದ್ದರು.

“ನಾ ಏನಂದೆ?”

“ಒಪ್ಪಿಗೆ ಕೊಟ್ಟೆ.”

ಅವಳು ಅಳಲಿಲ್ಲ. ಫೋನನ್ನು ನನ್ನ ಕಡೆ ಸರಿಸಿದಳು. ಅದೇ ನಂಬರಿಗೆ ಐದು ಸಲ ಮಾಡಿದೆ, ಬಿಜಿ ಇತ್ತು. ಆರನೇ ಸಲಕ್ಕೆ ನರ್ಸ್ ಎತ್ತಿಕೊಂಡಳು. ‘ಐ ವಾಂಟ್ ಟು’ ಎಂದು ಶುರು ಮಾಡಿದೆ. ಪೇಶಂಟ್ ಆಪರೇಶನ್ ಥಿಯೇಟರಿನ ಒಳಗೆ ಹೋಗಿ ಹತ್ತು ನಿಮಿಷ ಆಯಿತು ಎಂದಳು. ನಾನು ಶುರು ಮಾಡಿದ್ದ ವಾಕ್ಯವನ್ನು ಮುಗಿಸಲೇ ಇಲ್ಲ.

ಸವಿತಾ ಮತ್ತು ಅವಳ ಅಣ್ಣನ ಜೊತೆ ನಾನೂ ಕಾರಿನಲ್ಲಿ ಹೋದೆ. ಹದಿನಾಲ್ಕು ತಾಸಿನ ಮೇಲೆ ತಲುಪಿದೆವು. ಡಾಕ್ಟರನ್ನು ಕಂಡು, ಕಳಿಸಿದ್ದರೆ ಕಾಲು ಉಳಿಯುತ್ತಿತ್ತೇ ಎಂದು ಕೇಳಿದೆ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಮನುಷ್ಯನೇ ಉಳಿಯದೆ ಇರಬಹುದಿತ್ತು ಎಂದರು. ಅವರದು ತಪ್ಪಿಲ್ಲ. ಕೇಳಬೇಕಾದ್ದನ್ನು ಕೇಳಿದ್ದರು.

ಬಸವರಾಜನಿಗೆ ಎಚ್ಚರವಾಗಿತ್ತು. ಹೊದಿಕೆಯನ್ನು ನೋಡುತ್ತಲೇ ಮಲಗಿದ್ದ. “ಯಾರು ಹೂಂ ಅಂದ್ರು?” ಎಂದು ಕೇಳಿದ.

“ನಾನ,” ಎಂದಳು ಸವಿತಾ.

ನಾನು ಹಾಸಿಗೆಯ ಕಾಲಿನ ಕಡೆ ನಿಂತಿದ್ದೆ. ಸ್ಕೇಲಿನ ವಿಷಯ ಅವಳು ಹೇಳಲಿಲ್ಲ. ನಾನೂ ಹೇಳಲಿಲ್ಲ. ಅವನು ನನಗೆ, “ಇಷ್ಟ ದೂರ ಬಂದೀರಿ ಸರ, ಉಪಕಾರ ಆತ್ರಿ,” ಎಂದು ಕೈ ಮುಗಿದ.

ಮತ್ತೆ ಅವಳು ಕ್ಲಾಸಿಗೆ ಬರಲಿಲ್ಲ. ನಾಲ್ಕು ತಿಂಗಳ ಮೇಲೆ ಸರ್ಟಿಫಿಕೇಟ್ ಹಿಡಿದು ನಾನೇ ಲಾಡ್ಜಿಗೆ ಹೋದೆ. ಕೌಂಟರಿನಲ್ಲಿದ್ದಳು. ಹೊರರಾಜ್ಯದ ದಂಪತಿಗೆ ರೂಮಿನ ಕೀಲಿ ಕೊಡುತ್ತ, “ಐ ಆಮ್ ಹ್ಯಾಪಿ ಟು ಹೆಲ್ಪ್ ಯೂ” ಎನ್ನುತ್ತಿದ್ದಳು. ಒಂದು ತೊಡಕಿಲ್ಲ. ಅವರು ಮೇಲೆ ಹೋದ ನಂತರ ಸರ್ಟಿಫಿಕೇಟನ್ನು ತೆಗೆದುಕೊಂಡು, ರಿಜಿಸ್ಟರಿನ ಅಡಿಗೆ ಇಟ್ಟಳು.

“ಬಸವರಾಜ ಹೇಗಿದಾನೆ?”

“ಅದಾರ್ರಿ. ಕಟ್ಟಿಗಿ ಹಿಡದು ಬಾಗಲತನ ಬರ್ತಾರ. ಲಾರಿ ಸಪ್ಪಳ ಆದ್ರ ಒಳಗ ಹೋಗ್ತಾರ.”

ನಾನು ಹೊರಟು ನಿಂತೆ. ಆಗ ಹೇಳಿದಳು: “ಸರ, ಅವತ್ತ ನನಗ ಏನೂ ತಿಳಿದಿದ್ದಿಲ್ರಿ. ತಿಳೀಲಿಲ್ಲಂತ ಹೇಳಾಕ ನಿಂತಿದ್ದೆ. ನೀವು ಎರಡ ಸಲ ಬಡದ್ರಿ.”

ಕೋಪದಿಂದ ಹೇಳಿದ ಮಾತಲ್ಲ. ರೂಮ್ ನಂಬರ್ ಹೇಳುವ ಹಾಗೆ ಹೇಳಿದಳು. ನಾನು ಉತ್ತರ ಹುಡುಕುತ್ತ ನಿಂತೆ. ಅವಳು ಏನನ್ನೂ ಬಡಿಯಲಿಲ್ಲ.

ಈಗ ನನ್ನ ಸಲಹೆ. ಬೇಡವೆಂದರೂ ಸಲಹೆ ಕೊಡುವವನು ನಾನು, ಈ ಒಂದನ್ನು ಇಟ್ಟುಕೊಳ್ಳಿ. ಅರಬೈಲಿನ ಗೂಡಂಗಡಿಯಲ್ಲಿ ನಾನು ಗೆದ್ದದ್ದು ಮಾತಿನಿಂದಲ್ಲ. ಜೇನಿನ ದರ ಹೇಳಿ ಬಾಯಿ ಮುಚ್ಚಿ ಕೂರುತ್ತಿದ್ದೆ. ಎದುರಿನವನು ಅವಸರ ಮಾಡಿದಷ್ಟೂ ನಾನು ನಿಧಾನ. ಚೌಕಾಸಿ ಬಲ್ಲ ಯಾವನನ್ನೇ ಕೇಳಿ, ಮೊದಲು ಬಾಯಿ ಬಿಟ್ಟವನು ಸೋತ ಎನ್ನುತ್ತಾನೆ. ನನ್ನ ಹೊಟ್ಟೆ ಹೊರೆದ ಆ ವಿದ್ಯೆಯನ್ನು ನನಗೇ ಇಟ್ಟುಕೊಂಡು, ಕಲಿಯಲು ಬಂದವರಿಗೆ ಅದರ ತದ್ವಿರುದ್ಧವನ್ನು ಕಲಿಸಿ ಫೀಸು ತೆಗೆದುಕೊಂಡೆ.

ಕ್ಲಾಸ್ ಈಗಲೂ ಇದೆ. ಮೊದಲ ದಿನ ಕಲಿಸುವ ಅಚ್ಚು ‘ಐ ನೀಡ್ ಟೈಮ್ ಟು ಥಿಂಕ್’. ನನಗೆ ಯೋಚಿಸಲು ಸಮಯ ಬೇಕು. ಎರಡನೇ ದಿನದ್ದು ‘ಐ ವಾಂಟ್ ಯೂ ಟು ಸೇ ಇಟ್ ಅಗೇನ್’. ಆಮೇಲೆ ಹಳೆಯ ಹನ್ನೆರಡು. ಉತ್ತರ ಹುಡುಕುತ್ತ ಯಾರಾದರೂ ನಿಂತರೆ ಕಾಯುತ್ತೇನೆ. ಸ್ಕೇಲು ಮನೆಯಲ್ಲಿದೆ. ಆದರೂ ಕೈ ಏಳುತ್ತದೆ. ಹಾಗಾಗಿ ಎರಡೂ ಕೈಗಳನ್ನು ತೊಡೆಯ ಅಡಿಗೆ ಇಟ್ಟುಕೊಂಡು ಕೂರುತ್ತೇನೆ. ಹೊಸಬರು ನೋಡಿ ನಗುತ್ತಾರೆ.