ಗುಂಡಿ ಒತ್ತಿದ್ದನ್ನು ನಂಬದ ಮುಸೆಂಬಿ

ನೈರೋಬಿಯ ನಮ್ಮ ಆಸ್ಪತ್ರೆ ಆ್ಯಪಿಗೆ ಜಾವಾಸ್ಕ್ರಿಪ್ಟ್ ಬರೆಯುವ ಮುಸೆಂಬಿಗೆ ಜನರ ಫೋನುಗಳ ಮೇಲೆ ನಂಬಿಕೆಯೇ ಇಲ್ಲ. ಎಷ್ಟು ಜನ ಯಾವ ಪರೀಕ್ಷೆ ಮಾಡಿಸಿದರೆಂಬ ಲೆಕ್ಕ ಇಡುವುದೂ ಅವನ ಕೆಲಸವೇ; ಆದರೆ ಯಾರೋ ಫೋನಿನಲ್ಲಿ ಗುಂಡಿ ಒತ್ತಿದರೆ ಅವನು ಎಣಿಸುವುದಿಲ್ಲ. ಸರ್ವರ್‌ನಲ್ಲಿ ಕೆಲಸ ನಿಜಕ್ಕೂ ಮುಗಿದ ಮೇಲೆಯೇ ಲೆಕ್ಕಕ್ಕೆ ಸೇರಿಸುತ್ತಾನೆ. ಬದುಕಿನಲ್ಲೂ ಅದೇ ಚಾಳಿ. ಚಹಾದಂಗಡಿಯ ಅಡೋಂಗೊ ಅಕ್ಕ ಕರಿದ ಬನ್ನಿನ ತಟ್ಟೆ ಹಿಡಿದು, “ಬಿಸಿ ಮಂದಾಜಿ ಬಂತು ಕಣೋ” ಎಂದರೆ, “ಬಾಯಿಗೆ ಬೀಳ್ಲಿ ಅಕ್ಕಾ, ಆಮೇಲೆ ಬಂತು ಅನ್ನು” ಎನ್ನುತ್ತಾನೆ. ತಂಗಿಯ ಮದುವೆಯಲ್ಲಿ ಮದುಮಗ ನೋಂದಣಿ ಪುಸ್ತಕಕ್ಕೆ ಸಹಿ ಹಾಕುವವರೆಗೂ ಅವನ ಕೈ ಕುಲುಕಲಿಲ್ಲ. ಮೊನ್ನೆ ಆ್ಯಪಿನ ಮಾಲೀಕ ಗಿಚುಕಿ, “ಎಚ್‌ಐವಿ ಪರೀಕ್ಷೆ ಮಾಡಿಸಿದೋರ ಹೆಸರೂ ಲೆಕ್ಕದಲ್ಲಿ ಬರ್ಲಿ, ವಿಮೆಯೋರು ಕೇಳ್ತಿದಾರೆ. ಆಗಲ್ಲಾಂದ್ರೆ ಮನೆಗೆ ಹೋಗು” ಎಂದು ಗುಡುಗಿದ. ರೋಗಿಗಳ ಮಾನವನ್ನೇ ಮಾರಲು ಹೊರಟವನಿಗೆ ನಾಚಿಕೆಯಾದರೂ ಬೇಡವೇ? ಮುಸೆಂಬಿ ಮಾತ್ರ ನಗುತ್ತಲೇ ಕೇಳಿದ: “ಆಗ್ಲಿ ಬಾಸ್. ಆ್ಯಪ್ ಶುರುವಾದಾಗ ಕಚೇರಿಯೋರೆಲ್ಲ ಅದೇ ಪರೀಕ್ಷೆ ಮಾಡಿಸ್ಕೊಂಡ್ವಲ್ಲ, ಮೊದಲು ನಿಮ್ಮ ಹೆಸರು ಹಾಕ್ಲಾ, ನಂದಾ?” ಗಿಚುಕಿ ಬಾಗಿಲು ಎಳೆದುಕೊಂಡು ಹೊರಟುಹೋದ. ಲೆಕ್ಕ ಇಂದಿಗೂ ಹೆಸರಿಲ್ಲದೆಯೇ ಬರುತ್ತಿದೆ.