ಹಚ್ಚೊಳ್ಳಿಯ ಕಬ್ಬಿಣದ ಎಮ್ಮೆ

ಕೊರೊನಾ ಬರುವುದಕ್ಕೆ ಹಿಂದಿನ ಬೇಸಿಗೆ. ಸೈನ್ಯದ ರಿಕವರಿ ದಳದಲ್ಲಿ, ಅಂದರೆ ಕೆಟ್ಟು ನಿಂತ ಅಥವಾ ಕೆಸರಿನಲ್ಲಿ ಹೂತ ಟ್ಯಾಂಕು, ಲಾರಿಗಳನ್ನು ಎಳೆದು ತರುವ ದಳದಲ್ಲಿ, ಇಪ್ಪತ್ತೆರಡು ವರ್ಷ ದುಡಿದು ಹವಾಲ್ದಾರನಾಗಿ ನಿವೃತ್ತನಾಗಿದ್ದೆ. ಬಳ್ಳಾರಿಯಲ್ಲಿ ಮಾಜಿ ಸೈನಿಕರ ಸ್ಮಾರಕವೊಂದನ್ನು ಕಟ್ಟಲು ಹೊರಟಿದ್ದ ಸಮಿತಿ ನನ್ನನ್ನು ತಾಂತ್ರಿಕ ಮೇಲ್ವಿಚಾರಕನನ್ನಾಗಿ ಮಾಡಿಕೊಂಡಿತ್ತು. ಸ್ಮಾರಕದ ಮುಂದೆ ನಿಲ್ಲಿಸಲು ಎರಡನೇ ಮಹಾಯುದ್ಧದ ಕಾಲದ ವಾಹನವೊಂದು ಬೇಕಿತ್ತು. ಯುದ್ಧ ಮುಗಿದ ಮೇಲೆ ಸರ್ಕಾರ ಹರಾಜು ಹಾಕಿದ ವಾಹನಗಳನ್ನು ನಮ್ಮ ಕಡೆಯ ಕೆಲವು ಜಮೀನ್ದಾರರೂ ಕೊಂಡಿದ್ದರೆಂದು ಹಿರಿಯರಿಂದ ಕೇಳಿದ್ದೆ. ಒಂದಾದರೂ ಎಲ್ಲೋ ಉಳಿದಿರಬೇಕು, ಅದನ್ನು ನಾನೇ ಹುಡುಕಬೇಕು ಎಂಬ ಹಟ ಹತ್ತಿತ್ತು.

ಆ ಬೇಸಿಗೆಗೆ ಮೊದಲೇ ಎರಡು ವರ್ಷ ಅಲೆದಿದ್ದೆ. ಕುರುಗೋಡಿನ ಕಲ್ಲು ಕ್ವಾರಿಗಳು, ಕುಡತಿನಿಯ ಗುಜರಿ ಅಂಗಡಿಗಳು, ಸಿರುಗುಪ್ಪದ ಅಕ್ಕಿ ಗಿರಣಿಗಳ ಹಿತ್ತಿಲು, ಯಾವುದನ್ನೂ ಬಿಡಲಿಲ್ಲ. ಹೋದಲ್ಲೆಲ್ಲ "ಇಲ್ಲಿ ಹಳೇ ಟ್ಯಾಂಕ್ ಐತೇನ್ರಿ?" ಎಂದು ಕೇಳುತ್ತಿದ್ದೆ. ಜನ ಕುಡಿಯುವ ನೀರಿನ ಟ್ಯಾಂಕ್ ತೋರಿಸುತ್ತಿದ್ದರು.

ಕೊನೆಗೆ ಅದು ಸಿಕ್ಕಿದ್ದು ಗೌಸ್‌ಗೆ. ಗೌಸ್ ಬಳ್ಳಾರಿಯ ಕೌಲ್ ಬಜಾರಿನಲ್ಲಿ ವಿಂಚ್ ಲಾರಿ ಇಟ್ಟುಕೊಂಡವನು. ಡ್ರಮ್ಮಿಗೆ ಉಕ್ಕಿನ ಹಗ್ಗ ಸುತ್ತಿಕೊಂಡು ಭಾರ ಎಳೆಯುವ ಯಂತ್ರವೇ ವಿಂಚ್. ಅವನು ನನಗಿಂತ ಹದಿನೈದು ವರ್ಷ ಚಿಕ್ಕವನು, ಏಳನೇ ಕ್ಲಾಸಿಗೆ ಸಾಲಿ ಬಿಟ್ಟವನು. ಕಾಲುವೆಗೆ ಬಿದ್ದ ಟ್ರ್ಯಾಕ್ಟರ್ ಎತ್ತಲು ಹಚ್ಚೊಳ್ಳಿಗೆ ಹೋಗಿದ್ದಾಗ ಪಕ್ಕದ ಹೊಲದ ನಾಗಮ್ಮ ಅವನಿಗೆ ಮಜ್ಜಿಗೆ ಕೊಟ್ಟು, "ಟ್ರ್ಯಾಕ್ಟರ್ ಎಬ್ಬಿಸಿದ್ಯಪ್ಪ, ನಮ್ಮ ಹೊಲದಾಗಿನ ಕಬ್ಬಿಣದ ಎಮ್ಮಿನೂ ಎಬ್ಬಿಸ್ತೀಯೇನು?" ಎಂದು ನಕ್ಕಳಂತೆ. ಅವನು ಹೋಗಿ ನೋಡಿದ.

ನನ್ನ ಹುಡುಕಾಟ ಅವನಿಗೂ ಗೊತ್ತಿತ್ತು; ಅಲ್ಲಿಂದ ನೇರ ನನ್ನ ಮನೆಗೇ ಬಂದು ಫೋನಿನಲ್ಲಿ ತೆಗೆದ ಫೋಟೋ ತೋರಿಸಿದ. "ಹವಾಲ್ದಾರ್ ಸಾಬ್, ನೀವು ಹುಡುಕಾಕತ್ತಿದ್ದು ಇದೇ ಏನು ನೋಡ್ರಿ."

ನೋಡಿದ ಕೂಡಲೇ ಗುರುತಿಸಿದೆ. ಕ್ಯಾರಿಯರ್. ಟ್ಯಾಂಕಿನಂತೆ ಚೈನಿನ ಮೇಲೆ ಓಡುವ, ಆದರೆ ಮೇಲೆ ಮುಚ್ಚಳವಿಲ್ಲದ, ಸುಮಾರು ನಾಲ್ಕು ಟನ್ನಿನ ಕವಚದ ವಾಹನ. ಮುಕ್ಕಾಲು ಭಾಗ ಮಣ್ಣಿನಲ್ಲಿತ್ತು. "ಇರಬಹುದು" ಎಂದೆ, ಅಷ್ಟೇ. ಪಾಪ, ಅವನು ನನಗೆ ಸಂತೋಷವಾಗಲೆಂದು ಓಡಿ ಬಂದಿದ್ದ.

ವಾರದಲ್ಲಿ ಪೇಪರಿನಲ್ಲಿ ಅವನ ಫೋಟೋ ಬಂತು. ನನ್ನ ಹೆಂಡತಿ ಅದನ್ನು ತೋರಿಸಿ "ಗೌಸ್ ಎಷ್ಟು ಚಲೋ ಬಂದಾನ ನೋಡ್ರಿ" ಎಂದಳು. ಅರ್ಧ ತಿಂದ ಒಗ್ಗರಣಿ ಮಂಡಕ್ಕಿ ಬಿಟ್ಟು ಎದ್ದೆ. ಸಮಿತಿಯ ಸಭೆಯಲ್ಲಿ ಎತ್ತುವ ಕೆಲಸವನ್ನು ಗೌಸ್‌ಗೇ ವಹಿಸಿದರು. ಅಧ್ಯಕ್ಷರು ನನ್ನ ಕಡೆ ತಿರುಗಿ "ನೀವು ಜೊತೆಗಿರಿ" ಎಂದರು. ಮೂರು ದಿನ ಆ ಮಾತೇ ತಲೆಯಲ್ಲಿ ಸುತ್ತಿತು. ಸಿಯಾಚಿನ್ ದಾರಿಯಲ್ಲಿ ಗಾಡಿ ಎಳೆದವನು ನಾನು, ಈ ಕೌಲ್ ಬಜಾರಿನವನಿಗೆ ಜೊತೆ!

ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ಹೊಲಕ್ಕೆ ಹೋದೆವು. ಜಾಲಿ ಗಿಡ ಕಿತ್ತು ಭೂಮಿ ಹಸನು ಮಾಡಲು ತನ್ನ ಮಾವನ ಕಾಲದ ಜಮೀನ್ದಾರ ಈ ಗಾಡಿ ತಂದಿದ್ದನೆಂದು ನಾಗಮ್ಮ ಹೇಳಿದಳು. ಕಾಲುವೆ ಬಂದು ಭೂಮಿ ನೆನೆದಾಗ ಅದು ಹೂತುಕೊಂಡಿತು, ಎತ್ತುವವರಿಲ್ಲದೆ ಅಲ್ಲೇ ಉಳಿಯಿತು. ಮೇಲೆ ಬಿರಿದಿದ್ದ ಎರೆಮಣ್ಣು ಆಳದಲ್ಲಿ ಇನ್ನೂ ಜಿಗುಟಾಗಿತ್ತು. ಅಂಥ ಮಣ್ಣು ವಾಹನದ ಹೊಟ್ಟೆಯನ್ನು ಕಚ್ಚಿಕೊಂಡರೆ ಅದರ ತೂಕದ ಎರಡು ಪಟ್ಟು ಬಲ ಹಾಕಿ ಎಳೆದರೂ ಬಿಡದು.

ಗೌಸ್ ಸುತ್ತ ಮೊಣಕಾಲುದ್ದ ಅಗೆಸಿದ್ದ. ಅದು ಸಾಲದೆಂದು ನನಗೆ ಗೊತ್ತಿತ್ತು. ಮುಂಭಾಗದ ಎಳೆಯುವ ಹುಕ್ಕನ್ನು ಮುಟ್ಟಿ ನೋಡಿದೆ. ತುಕ್ಕಿನ ಕೆಳಗೆ, ಬುಡದಲ್ಲಿ, ಕೂದಲೆಳೆಯಂಥ ಬಿರುಕು ಬೆರಳಿಗೆ ಸಿಕ್ಕಿತು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಎದ್ದು ನಿಂತೆ.

"ಸಾಬ್, ಇದಕ್ಕ ಹಗ್ಗ ಹಾಕಬಹುದೇನ್ರಿ?" ಗೌಸ್ ಕೇಳಿದ.

"ಹುಡುಕಿದವ್ನು ನೀನು. ನೀನ ಹೇಳಪ."

ಒಮ್ಮೆ ಹುಕ್ಕು ಮುರಿಯಲಿ, ಇವನ ಕೈಲಿ ಆಗದೆಂದು ಊರಿಗೆಲ್ಲ ಕಾಣಲಿ ಎಂಬುದಷ್ಟೇ ನನ್ನ ಲೆಕ್ಕ. ಬಿಗಿದ ಉಕ್ಕಿನ ಹಗ್ಗ ಬಿಟ್ಟುಕೊಂಡರೆ ಗುಂಡಿನಂತೆ ಹಿಂದಕ್ಕೆ ಬಡಿಯುತ್ತದೆಂದು ನೂರಾರು ಜವಾನರಿಗೆ ಪಾಠ ಹೇಳಿದ್ದವನು ನಾನು. ಆ ಹೊತ್ತಿನಲ್ಲಿ ಆ ಪಾಠ ನೆನಪಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೂ ಸುಮ್ಮನಿದ್ದೆ.

ಗೌಸ್ ಎಲ್ಲರನ್ನೂ ದೂರ ನಿಲ್ಲಿಸಿ, ತಾನೊಬ್ಬನೇ ಲಾರಿಯ ಹಿಂದೆ ವಿಂಚಿನ ಲಿವರ್ ಹಿಡಿದ. ಹಗ್ಗ ಬಿಗಿಯಿತು, ಲಾರಿಯ ಮುಂಭಾಗ ಮೇಲೆದ್ದಿತು, ಕ್ಯಾರಿಯರ್ ಅಲುಗಲಿಲ್ಲ. ಆಮೇಲೆ ಒಂದು ಸಿಡಿತ. ಮುರಿದ ಹುಕ್ಕು ಹಗ್ಗದ ಸಮೇತ ಗೌಸ್‌ನ ಭುಜದ ಮೇಲಿಂದ ಹಾರಿ, ಕ್ಯಾಬಿನ್ನಿನ ಹಿಂಗಾಜು ಒಡೆದು, ಡ್ರೈವರ್ ಸೀಟಿಗೆ ನಾಟಿತು. ನಾಗಮ್ಮ "ಯಪ್ಪಾ ಶಿವನೇ" ಎನ್ನುತ್ತ ಬದುವಿನ ಮೇಲೆ ಕುಸಿದಳು. ಗೌಸ್ ಕಿವಿ ಮುಚ್ಚಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದ.

ಸ್ವಲ್ಪ ಹೊತ್ತಿಗೆ ಎದ್ದು ನನ್ನ ಹತ್ತಿರ ಬಂದ. "ತಪ್ಪು ನಂದ್ರಿ ಸಾಬ್. ಹುಕ್ಕು ಸರಿಯಾಗಿ ನೋಡಬೇಕಿತ್ತು."

ಅಲ್ಲಿಗೇ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ತಪ್ಪು ತನ್ನದೆಂದು ಅವನು ಹೇಳಿದ್ದನ್ನು ನನ್ನಿಂದ ಸಹಿಸಲಾಗಲಿಲ್ಲ.

"ಬಿರುಕು ಇದ್ದದ್ದು ನನಗ ಗೊತ್ತಿತ್ತು."

"ಏನಂದ್ರಿ?"

"ಕೈಗೆ ಸಿಕ್ಕಿತ್ತು. ಹೇಳಲಿಲ್ಲ."

"ಯಾಕ?"

"ಗಾಡಿ ನಿನಗ ಸಿಕ್ತು ಅಂತ. ನನಗ ಸಿಗಲಿಲ್ಲ ಅಂತ."

ಅವನು ಬೈಯಲಿಲ್ಲ. ಹೋಗಿ ಸೀಟಿನ ಮೇಲಿನ ಗಾಜಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಹಾಕಿದ. ಆಮೇಲೆ ಅಲ್ಲಿಂದಲೇ ಅಂದ: "ಮೊದಲು ಇದನ್ನ ಎಬ್ಬಿಸೋಣು. ಹೆಂಗ ಅಂತ ಹೇಳ್ರಿ. ಈ ಸಲ ಎಲ್ಲಾ ಹೇಳ್ರಿ."

ಮೂರು ದಿನ ದುಡಿದೆವು. ಚೈನುಗಳ ಕೆಳಗಿನವರೆಗೂ ಅಗೆಸಿ, ಹೊಟ್ಟೆಯ ಕೆಳಗೆ ನೀರು ಹಾಯಿಸಿ ಮಣ್ಣಿನ ಹಿಡಿತ ಸಡಿಲಿಸಿದೆವು. ರೈಲು ಹಳಿಯಡಿ ಹಾಕುವ ಮರದ ಸ್ಲೀಪರ್ ಹಾಸಿ, ಹುಕ್ಕಿನ ಬದಲು ಇಡೀ ಒಡಲಿಗೆ ಸರಪಳಿ ಸುತ್ತಿ, ರಾಟೆ ಹಾಕಿ ನಿಧಾನ ಎಳೆದೆವು. ಮೂರನೇ ಮಧ್ಯಾಹ್ನ ಕ್ಯಾರಿಯರ್ ಮೇಲೆ ಬಂತು. ನಾಗಮ್ಮ ಬರಿದಾದ ಗುಂಡಿ ನೋಡುತ್ತ, "ಇನ್ನ ಮ್ಯಾಲ ನಮ್ಮ ಹೊಲಕ್ಕ ಏನಂತ ಗುರ್ತು ಹೇಳಬೇಕು?" ಎಂದಳು.

ಸಮಿತಿಗೆ ಕೊಟ್ಟ ವರದಿಯಲ್ಲಿ ನಡೆದದ್ದನ್ನು ನಡೆದಂತೆಯೇ ಬರೆದೆ. ಮೇಲ್ವಿಚಾರಕನ ಸ್ಥಾನ ಹೋಯಿತು. ಸ್ಮಾರಕದ ಮುಂದಿನ ಫಲಕದಲ್ಲಿ ಗೌಸ್‌ನ ಹೆಸರೊಂದೇ ಇದೆ. ಅದನ್ನು ಮೊದಲ ಸಲ ಓದಿದಾಗಲೂ ಎದೆಯಲ್ಲಿ ಸಣ್ಣಗೆ ಉರಿಯಿತು, ಅದನ್ನೂ ಮುಚ್ಚಿಡುವುದಿಲ್ಲ.

ಹೊಟ್ಟೆಕಿಚ್ಚು ಯಾರಿಗೂ ತಪ್ಪಿದ್ದಲ್ಲ. ಅದು ಬಂದಾಗಲೂ ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು, ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಕಲಿಯಲು ನಾನು ತಡಮಾಡಿದೆ. ಗೌಸ್ ಈಗಲೂ ದೊಡ್ಡ ಕೆಲಸಗಳಿಗೆ ನನ್ನನ್ನು ಕರೆಯುತ್ತಾನೆ, ಮರ್ಯಾದೆಯಿಂದಲೇ ಮಾತಾಡಿಸುತ್ತಾನೆ. ನಾನು ಹುಕ್ಕು ಪರೀಕ್ಷಿಸಿ "ಸರಿ ಐತಿ" ಅನ್ನುತ್ತೇನೆ. ಅವನು ತಲೆಯಾಡಿಸಿ, ಹೋಗಿ, ಇನ್ನೊಮ್ಮೆ ತಾನೇ ಮುಟ್ಟಿ ನೋಡುತ್ತಾನೆ.